ಆಲ್ಬಮ್‌ಗೆ ಶ್ರುತಿ ಯಾವುದು: ಆ್ಯಪ್, ಪೆಟ್ಟಿಗೆ, ತಂಬೂರಿ

ಹಾಡಿನ ಹಿಂದೆ ಉದ್ದಕ್ಕೂ ಮೊಳಗುವ ಆಧಾರ ದನಿ, ಅಂದರೆ ಶ್ರುತಿ, ಯಾವುದರಿಂದ ಬರಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ತಂಬೂರಿಗೆ. ಮೀರಜ್‌ನಲ್ಲಿ ಮಾಡಿದ್ದು, ನನ್ನ ಕೈಗೆ ಬಂದಿದ್ದು ಸೆಕೆಂಡ್ ಹ್ಯಾಂಡ್. ಅದಕ್ಕೂ ಮುಂಚೆ ಫೋನಿನ ಶ್ರುತಿ ಆ್ಯಪ್‌ನಲ್ಲೂ ಹಾಡಿದ್ದೇನೆ, ಎಲೆಕ್ಟ್ರಾನಿಕ್ ಪೆಟ್ಟಿಗೆಯಲ್ಲೂ ಹಾಡಿದ್ದೇನೆ. ಧಾರವಾಡದ ಮನೆಯ ಹಿಂದಿನ ಕೋಣೆಯಲ್ಲಿ ವಚನಗಳ ಆಲ್ಬಮ್ ರೆಕಾರ್ಡ್ ಮಾಡಿ ನಾನೇ ಬಿಡುಗಡೆ ಮಾಡಿದೆ. ಲೇಬಲ್ ಇಲ್ಲ, ಸ್ಟುಡಿಯೋ ಇಲ್ಲ. ಹಾಗಾಗಿ ಇದು ರಿಯಾಜಿನ, ಅಂದರೆ ದಿನದ ಅಭ್ಯಾಸದ, ಮಾತಲ್ಲ. ಹಾಡನ್ನು ಹೊರಗೆ ಬಿಡುವವರಿಗೆ ಯಾವ ಶ್ರುತಿ ಸರಿ ಅನ್ನೋದಷ್ಟೇ.

ಆ್ಯಪ್‌ನ ಗುಣಗಳು ಎಲ್ಲರಿಗೂ ಗೊತ್ತು. ಕಾಸು ಕಡಿಮೆ, ಜೇಬಲ್ಲಿ ಇರುತ್ತೆ, ಕಪ್ಪು ಒಂದು (ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿ) ಅಂದರೆ ಅಳತೆ ಹಾಕಿದ ಸಿ ಶಾರ್ಪ್. ತಕರಾರು ಶುರುವಾಗೋದು ಬಿಡುಗಡೆಯ ದಿನ.

ಮೊದಲ ಹಾಡಿಗೆ ಆ್ಯಪ್‌ನ ದನಿಯನ್ನೇ ಕೇಬಲ್ ಹಾಕಿ ಕಂಪ್ಯೂಟರಿಗೆ ಎಳೆದುಕೊಂಡಿದ್ದೆ. ಶುರುವಿನಲ್ಲಿ ಬರೀ ಶ್ರುತಿ, ಆಮೇಲೆ ಸಣ್ಣ ಆಲಾಪ, ಆಮೇಲೆ ವಚನ. ಯೂಟ್ಯೂಬ್‌ಗೆ ಹಾಕಿದ ಮೇಲೆ ಸೂಚನೆ ಬಂತು: ಈ ವಿಡಿಯೊದಲ್ಲಿ ಬೇರೆಯವರ ಸಂಗೀತ ಇದೆ. ಯಾರದಪ್ಪಾ ಅಂತ ತೆರೆದು ನೋಡಿದರೆ, ಕೇಳರಿಯದ ಒಂದು ಧ್ಯಾನದ ಸಂಗೀತ. ಹೊಂದಿಕೆಯಾದ ಭಾಗ 0:00ರಿಂದ 0:22. ಅಂದರೆ ನಾನು ಬಾಯಿ ತೆರೆಯುವ ಮುಂಚಿನದು!

ಕಾರಣ ಸರಳ. ಇಂಥ ಆ್ಯಪ್‌ಗಳಲ್ಲಿ ಹೆಚ್ಚಿನವು ಯಾರೋ ಮೀಟಿದ ತಂಬೂರಿಯ ಸಣ್ಣ ತುಣುಕನ್ನು ಸುತ್ತಿ ಸುತ್ತಿ ನುಡಿಸುತ್ತವೆ, ಇದಕ್ಕೇ ಲೂಪ್ ಅನ್ನೋದು. ಅದೇ ಆ್ಯಪ್, ಅದೇ ಶ್ರುತಿಯ ಮನೆ, ಅದೇ ವೇಗ ಇಟ್ಟುಕೊಂಡವರಿಗೆಲ್ಲ ಹೆಚ್ಚುಕಡಿಮೆ ಒಂದೇ ದನಿ ಬರುತ್ತೆ. ಯೂಟ್ಯೂಬ್‌ನ ಕಂಟೆಂಟ್ ಐಡಿ ಯಂತ್ರ ದನಿಯ ಬೆರಳಚ್ಚು ಹೋಲಿಸುತ್ತೆ, ಅಷ್ಟೇ. ಅದಕ್ಕೆ ಇದು ಶ್ರುತಿ, ಇದು ಹಾಡು ಅನ್ನೋ ಭೇದ ಗೊತ್ತಿಲ್ಲ. ಎಲ್ಲರಿಗೂ ಸಿಗುವ ಲೂಪ್ ಇರುವ ಹಾಡನ್ನು ಹೋಲಿಕೆಗೆ ಕೊಡಬಾರದು ಅಂತ ನಿಯಮದಲ್ಲೇ ಬರೆದಿದೆ. ಆದರೂ ಆ ಧ್ಯಾನದವರ ಪರವಾಗಿ, ಹಾಡುಗಳನ್ನು ಆನ್‌ಲೈನ್‌ಗೆ ತಲುಪಿಸುವ ಯಾವುದೋ ವಿತರಣೆ ಕಂಪನಿ ಕೊಟ್ಟುಬಿಟ್ಟಿತ್ತು.

ಸಾಹಿತ್ಯ 12ನೇ ಶತಮಾನದ್ದು, ಅದರ ಹಕ್ಕು ಕೇಳಿ ಯಾರೂ ಬರಲಿಲ್ಲ. ರಾಗ ಹಾಕಿದ್ದು ನಾನು, ಅದಕ್ಕೂ ಬರಲಿಲ್ಲ. ಜಗಳ ಬಂದಿದ್ದು ಶ್ರುತಿಯಲ್ಲಿ ನುಡಿಯುವ ಪಂಚಮ-ಷಡ್ಜಕ್ಕೆ (ಪ-ಸ).

ತಕರಾರು ಅರ್ಜಿ ಹಾಕಿದೆ. ಎದುರಿನವರಿಗೆ ಉತ್ತರ ಕೊಡಲು 30 ದಿನ ಸಮಯ ಇರುತ್ತೆ. ಇದು ಕ್ಲೇಮ್ (ಈ ದನಿ ನಮ್ಮದು ಅನ್ನೋ ಹಕ್ಕೊತ್ತಾಯ) ಮಾತ್ರ, ಚಾನೆಲ್‌ಗೆ ಬೀಳುವ ಸ್ಟ್ರೈಕ್ (ನಿಯಮ ಮುರಿದಿದ್ದಕ್ಕೆ ಶಿಕ್ಷೆ) ಅಲ್ಲ, ಹಾಗಾಗಿ ಹೆದರಬೇಕಿಲ್ಲ. ಜಾಹೀರಾತಿನ ದುಡ್ಡು ತಡೆದರೂ ನನ್ನಂಥವನಿಗೆ ಅದು ಚಹಾದ ಖರ್ಚು. ಉರಿದಿದ್ದು ಬೇರೆಯದಕ್ಕೆ: ವಿಡಿಯೊದ ಕೆಳಗೆ ಸಂಗೀತ ಅನ್ನೋ ಜಾಗದಲ್ಲಿ ಅವರ ಹೆಸರು ಬರುತ್ತಿತ್ತು. ಊರಿಗೆಲ್ಲ ಲಿಂಕ್ ಕಳಿಸಿದ ವಾರವೇ ಹೀಗಾಯಿತು. ಸೋದರತ್ತೆ ಫೋನ್ ಮಾಡಿ, "ಏನೋ, ಇದು ನಿಂದಲ್ಲೇನೋ?" ಅಂದರು. ಅವರಿಗೆ ಲೂಪ್ ಅಂದರೇನು ಅಂತ ಬಿಡಿಸಿ ಹೇಳುವ ಬದಲು ಇನ್ನೊಂದು ಆಲ್ಬಮ್ ಮಾಡಬಹುದಿತ್ತು. ಕಡೆಗೆ ಎದುರಿನವರು ಉತ್ತರವನ್ನೇ ಕೊಡಲಿಲ್ಲ. ಗಡುವು ಮುಗಿದು ಕ್ಲೇಮ್ ತಾನಾಗಿಯೇ ಬಿದ್ದುಹೋಯಿತು.

ಇದರ ಇನ್ನೊಂದು ಮಗ್ಗುಲೂ ಇದೆ. ಆಲ್ಬಮ್ ಕಳಿಸುವಾಗ ಕಂಟೆಂಟ್ ಐಡಿಗೆ ಸೇರಿಸಬೇಕಾ ಅಂತ ವಿತರಕರು ಕೇಳುತ್ತಾರೆ. ಆ್ಯಪ್‌ನ ಶ್ರುತಿ ಇದ್ದರೆ ನೀವೂ ಬೇಡ ಅನ್ನಬೇಕು. ನಾಳೆ ಯಾರಾದರೂ ನಿಮ್ಮ ಹಾಡನ್ನೇ ಎತ್ತಿಕೊಂಡು ಹಾಕಿದರೆ ಯಂತ್ರ ನಿಮ್ಮ ಸಹಾಯಕ್ಕೆ ಬರಲ್ಲ. ಆ್ಯಪ್‌ನ ಷರತ್ತುಗಳಲ್ಲಿ ಮಾರಾಟದ ರೆಕಾರ್ಡಿಂಗ್‌ಗೆ ಬಳಸಬಹುದಾ ಅನ್ನೋದನ್ನೂ ಓದಿಕೊಳ್ಳಿ.

ಇನ್ನು ಪೆಟ್ಟಿಗೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ನಮ್ಮ ರಾಜ್ಯದ್ದೇ ಹೆಮ್ಮೆ. ಇಂಥ ಪೆಟ್ಟಿಗೆ ಮಾಡುವ ಬೆಂಗಳೂರಿನ ರಾಡೆಲ್ ಕಂಪನಿ ಕಟ್ಟಿದ ಜಿ. ರಾಜ್ ನಾರಾಯಣ್ ಎಂಜಿನಿಯರ್ ಕೂಡ ಹೌದು, ಕೊಳಲು ವಾದಕರೂ ಹೌದು. ನನ್ನ ಹತ್ತಿರ ಇದ್ದದ್ದು ಬೇರೆ ಯಾವುದೋ ಹಳೇ ಪೆಟ್ಟಿಗೆ, ಹೆಸರು ಬೇಡ. ಗಟ್ಟಿಮುಟ್ಟು, ರಿಯಾಜಿಗೆ ಬಂಗಾರ. ಆದರೆ ಶ್ರುತಿ ಹೊಂದಿಸೋದು ತಿರುಗಿಸುವ ಗುಂಡಿಯಿಂದ. ಇವತ್ತು ಅರ್ಧ ಹಾಡು, ನಾಳೆ ಉಳಿದರ್ಧ ಅಂದರೆ ಗುಂಡಿಯನ್ನು ಅದೇ ಜಾಗಕ್ಕೆ ತರೋದು ಅಸಾಧ್ಯ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ 100 ಸೆಂಟ್ (ಸ್ವರಗಳ ಅಂತರದ ಅಳತೆ). ಅದರಲ್ಲಿ 10 ಸೆಂಟ್ ಆಚೀಚೆ ಆದರೂ ಹಾಡಿಗೆ ಸಾಥ್ ಕೊಡುವ ಕೊಳಲಿನ ಜೊತೆ ವ್ಯಾಂ ವ್ಯಾಂ ಅಂತ ಅಲೆ ಏಳುತ್ತೆ. ಕೊಳಲಿನ ಶ್ರುತಿಯನ್ನು ಅಷ್ಟಾಗಿ ಬದಲಾಯಿಸೋಕಾಗಲ್ಲ, ಶ್ರುತಿಯೇ ಅದರ ಹತ್ತಿರ ಬರಬೇಕು. ಜೊತೆಗೆ ಅಡಾಪ್ಟರ್‌ನ ಗುಂಯ್ ಸದ್ದು. ಈಗಿನ ಡಿಜಿಟಲ್ ಪೆಟ್ಟಿಗೆಗಳಲ್ಲಿ ಗುಂಡಿಯ ತಾಪತ್ರಯ ಇಲ್ಲ ಅನ್ನಿ.

ತಂಬೂರಿ ಇಟ್ಟುಕೊಳ್ಳೋದು ಸಲೀಸಲ್ಲ. ಹೊಸದಕ್ಕೆ ಹತ್ತಾರು ಸಾವಿರ ಬೇಕು. 2024ರಲ್ಲಿ ಮೀರಜ್‌ನ ಸಿತಾರ್, ತಂಬೂರಿಗೆ ಜಿಐ (ಭೌಗೋಳಿಕ ಗುರುತು) ಟ್ಯಾಗ್ ಸಿಕ್ಕಿದೆ, ಹಾಗಾಗಿ ಅಗ್ಗವಾಗುತ್ತೆ ಅನ್ನೋ ಆಸೆಯೂ ಬೇಡ. ಕೋಣೆಯ ಒಂದು ಮೂಲೆಯನ್ನು ಅದು ನುಂಗುತ್ತೆ. ಧಾರವಾಡದ ಮಳೆಗಾಲದಲ್ಲಿ ಬೆಳಿಗ್ಗೆ ಶ್ರುತಿ ಕೂಡಿಸಿದ ತಂತಿ ಮಧ್ಯಾಹ್ನಕ್ಕೆ ಇಳಿದಿರುತ್ತೆ. ಆದರೆ ಆಲ್ಬಮ್‌ಗೆ ಅದನ್ನು ದಿನಾ ನುಡಿಸಬೇಕಿಲ್ಲ ಅನ್ನೋದೇ ಗುಟ್ಟು. ಒಂದೇ ಸಲ ಕೂತು ರೆಕಾರ್ಡ್ ಮಾಡಿಟ್ಟುಕೊಂಡರೆ ಮುಗಿಯಿತು.

ನಾನು ಮಾಡಿದ್ದು ಹೀಗೆ. ಫ್ಯಾನ್ ಆಫ್, ಫ್ರಿಜ್ಜಿನ ಪ್ಲಗ್ ಕಿತ್ತೆ. ತಂತಿಯ ಬಿರಡೆ ತಿರುಗಿಸಿ ಶ್ರುತಿ ಹತ್ತಿರ ತಂದು, ತಂತಿಗೆ ಪೋಣಿಸಿದ ಮಣಿ ಸರಿಸಿ ಕೊಳಲಿಗೆ ಕೂಡಿಸಿದೆ. ಕುದುರೆಯ (ತಂತಿಗಳು ಕೂರುವ ಪಟ್ಟಿ) ಮೇಲೆ ತಂತಿಯ ಕೆಳಗಿನ ಹತ್ತಿ ದಾರವನ್ನು ಕೂದಲೆಳೆಯಷ್ಟು ಜರುಗಿಸಿದಾಗ ಜವಾರಿ, ಅಂದರೆ ತಂಬೂರಿಯ ಝೇಂಕಾರ, ತೆರೆದುಕೊಂಡಿತು. ದಾರ ಇನ್ನೊಂಚೂರು ಸರಿದರೆ ದನಿ ಸತ್ತೇ ಹೋಗುತ್ತೆ. ಮೈಕನ್ನು ಕುದುರೆಯ ನೇರಕ್ಕೆ ಇಟ್ಟರೆ ಬೆರಳಿನ ಟಕ್ ಟಕ್ ಇಲ್ಲದೆ ಝೇಂಕಾರ ಮಾತ್ರ ಸಿಗುತ್ತೆ, ಆದರೆ ತೀರಾ ಹತ್ತಿರ ಬೇಡ, ಎರಡು ಗೇಣು ಸಾಕು. ಕಪ್ಪು ಒಂದಕ್ಕೆ ಹತ್ತು ನಿಮಿಷ, ಬಿಳಿ ಎರಡಕ್ಕೆ ಹತ್ತು ನಿಮಿಷ ನಿಲ್ಲಿಸದೆ ಮೀಟಿದೆ. ಆಮೇಲೆ ರೆಕಾರ್ಡಿಂಗ್ ಸಾಫ್ಟ್‌ವೇರ್ ರೀಪರ್‌ನಲ್ಲಿ ಒಂದೊಂದು ಹಾಡಿಗೆ ಒಂದೊಂದು ಕಡೆಯಿಂದ ಕತ್ತರಿಸಿಕೊಂಡೆ. ಯಾವ ಎರಡು ಮೀಟೂ ಒಂದೇ ಥರ ಇಲ್ಲ. ಆ ಮೊದಲ ಹಾಡಿಗೂ ಇದನ್ನೇ ಕೂರಿಸಿ ಮತ್ತೆ ಬಿಟ್ಟೆ, ಅದಾದ ಮೇಲೆ ಆಲ್ಬಮ್‌ನ ಒಂದು ಹಾಡಿಗೂ ಕ್ಲೇಮ್ ಬಂದಿಲ್ಲ.

ರಿಯಾಜಿಗೆ ಇವತ್ತಿಗೂ ಆ್ಯಪ್ಪೇ, ಫೋನ್ ಫ್ಲೈಟ್ ಮೋಡ್‌ನಲ್ಲಿ. ನಸುಕಿನಲ್ಲಿ ಹಾಡುವವನಿಗೆ ತಂಬೂರಿ ಕೂಡಿಸುತ್ತ ಕೂರುವ ತಾಳ್ಮೆ ಇರಲ್ಲ, ಅಷ್ಟರಲ್ಲಿ ಹಾಲಿನವನು ಬಂದಿರುತ್ತಾನೆ. ಪೆಟ್ಟಿಗೆಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟೆ, ಈಗಷ್ಟೇ ಸರಳೆ (ಮೊದಲ ಸ್ವರಪಾಠ) ಶುರು ಮಾಡಿದ್ದಾಳೆ, ಅವಳಿಗೆ ಅದು ಸರಿ. ಒಂದೇ ಹಾಡು ಬಿಡುವವರು ತಂಬೂರಿ ಕೊಳ್ಳೋದು ಬೇಡ. ಗುರುಗಳ ಹತ್ತಿರ ಅಥವಾ ಹತ್ತಿರದ ಸಂಗೀತ ಶಾಲೆಯಲ್ಲಿ ಒಂದು ಮಧ್ಯಾಹ್ನದ ಮಟ್ಟಿಗೆ ಕೇಳಿ. ಹೋಗುವಾಗ ಹೊಸ ತಂತಿಯ ಸೆಟ್ ಒಂದು ತೆಗೆದುಕೊಂಡು ಹೋಗಿ. ಹಳೇ ತಂತಿಯಲ್ಲಿ ಮಂದ್ರ ಷಡ್ಜ (ಕೆಳಗಿನ ಸ) ಮಂಕಾಗಿ ರೆಕಾರ್ಡ್ ಆಗುತ್ತೆ, ಕೊಟ್ಟವರಿಗೂ ಖುಷಿ ಆಗುತ್ತೆ.