ಮೇಜಿನ ಮೇಲೆ ಆದೋನಿ ಹತ್ತಿ ರೇಟು: ರೈನ್‌ಮೀಟರ್, ಕಾಂಕಿ ಮತ್ತು ನನ್ನ 899 ರೂಪಾಯಿ

ಡೆಸ್ಕ್‌ಟಾಪ್ ಮೇಲೆ ರೇಟು, ಹವಾಮಾನದಂಥ ಮಾಹಿತಿ ಸದಾ ತೋರಿಸುವ ಪ್ರೋಗ್ರಾಂಗಳಲ್ಲಿ ನನ್ನ ಓಟು ರೈನ್‌ಮೀಟರ್‌ಗೆ. ಅಲ್ಲಿಗೆ ಮುಟ್ಟುವಷ್ಟರಲ್ಲಿ 899 ರೂಪಾಯಿ ಕೈಬಿಟ್ಟಿತ್ತು, ಅದು ಬೇರೆ ಮಾತು.

ಮಾವನದು ರಾಯಚೂರು ಗಂಜಿನಲ್ಲಿ, ಅಂದರೆ ಮಾರುಕಟ್ಟೆಯಲ್ಲಿ, ಹತ್ತಿ ದಲಾಲಿ ಅಂಗಡಿ. ಬೆಳಿಗ್ಗೆ ಹೊರಡುವ ಮುಂಚೆ ನನ್ನ ಮೇಜಿನ ಹತ್ತಿರ ಬಂದು ನಿಲ್ಲುತ್ತಾರೆ. "ಆದೋನ್ಯಾಗ ಎಷ್ಟು ನಡದದ ನೋಡಪ್ಪ." ಆದೋನಿ ಅಂದರೆ ಪಕ್ಕದ ಆಂಧ್ರದ ಹತ್ತಿ ಮಾರುಕಟ್ಟೆ. ದಿನಾ ಹುಡುಕಿ ಹೇಳುವ ಬದಲು ರೇಟು, ಬಿಸಿಲು ಎರಡೂ ಡೆಸ್ಕ್‌ಟಾಪ್ ಮೇಲೇ ಕಾಣಲಿ ಅಂದುಕೊಂಡೆ. ಅದನ್ನೇ ತೋರಿಸುವ ಒಂದು ರೆಡಿಮೇಡ್ ವಿಜೆಟ್ ಆಪ್‌ಗೆ 899 ರೂಪಾಯಿ ವರ್ಷದ ಚಂದಾ ಕಟ್ಟಿದೆ. ನೋಡೋಕೆ ಚೆಂದ. ನಾಲ್ಕೇ ತಿಂಗಳಿಗೆ ಫೀಡ್, ಅಂದರೆ ನೆಟ್‌ನಿಂದ ಬರುವ ಮಾಹಿತಿ, ನಿಂತುಹೋಯಿತು, ತಾಪಮಾನ 31ಕ್ಕೆ ಅಂಟಿಕೊಂಡಿತು. ಏಪ್ರಿಲ್ ಮಧ್ಯಾಹ್ನ ರಾಯಚೂರಿನಲ್ಲಿ 31 ಡಿಗ್ರಿ ಅಂದರೆ ಯಾರು ನಂಬುತ್ತಾರೆ?

ಆಮೇಲೆ ನಾನೇ ಮಾಡಿಕೊಳ್ಳೋಣ ಅಂತ ಹಳೆ ಲ್ಯಾಪ್‌ಟಾಪ್‌ನ ಲಿನಕ್ಸ್‌ನಲ್ಲಿ ಇದೇ ಕೆಲಸದ ಕಾಂಕಿ ಅನ್ನೋ ಪ್ರೋಗ್ರಾಂ ಹಾಕಿದೆ. ಬಹಳ ಹಗುರ. ಕರ್ಲ್ ಅನ್ನೋ ಕಮಾಂಡ್‌ನಿಂದ ಫೀಡ್ ಎಳೆದು, ಜೆಕ್ಯೂ ಅನ್ನೋ ಇನ್ನೊಂದರಿಂದ ಬೇಕಾದ ಅಂಕಿ ಆರಿಸಿ, ಕಾಲು ಗಂಟೆಗೊಮ್ಮೆ ತೋರಿಸು ಅಂದರೆ ಮುಗಿಯಿತು. ಅರ್ಧ ತಾಸಿನ ಕೆಲಸ.

ತೊಂದರೆ ಶುರುವಾಗಿದ್ದು 'ಹತ್ತಿ' ಅಂತ ಬರೆದಾಗ. ಪರದೆ ಮೇಲೆ ಬಂದಿದ್ದು 'ಹತ್‌ತಿ'. ಮಾವ ಕನ್ನಡಕ ಏರಿಸಿ ನೋಡಿ, "ಏನೋ ಇದು, ಹತ್ತಿ ಹರದು ಬಿದ್ದಂಗ ಆಗ್ಯಾದಲ್ಲ" ಅಂದರು. ಫಾಂಟ್ ಸರಿಯಿಲ್ಲ ಅಂದುಕೊಂಡು ಇದ್ದಬದ್ದ ಕನ್ನಡ ಫಾಂಟ್‌ಗಳನ್ನೆಲ್ಲ ಹಾಕಿ ನೋಡಿದೆ. ಎಲ್ಲದರಲ್ಲೂ ಅದೇ ಕಥೆ. ತಪ್ಪು ಫಾಂಟಿನದಲ್ಲ. ಕಾಂಕಿ ಅಕ್ಷರ ಬಿಡಿಸುವ ರೀತಿಯಲ್ಲಿ ಒತ್ತಕ್ಷರ ಕೂಡಿಸುವ ಕೆಲಸವೇ ಇಲ್ಲ. ಒಂದೊಂದು ತುಂಡನ್ನೂ ಪಕ್ಕಪಕ್ಕ ಇಟ್ಟು ಕೈ ತೊಳೆದುಕೊಳ್ಳುತ್ತದೆ.

ಅಡ್ಡದಾರಿ ಒಂದಿದೆ. ಪ್ಯಾಂಗೊ-ವ್ಯೂ ಅನ್ನೋ ಕಮಾಂಡ್‌ನಿಂದ ಕನ್ನಡ ಸಾಲನ್ನು ಚಿತ್ರ ಮಾಡಿ, ಆ ಚಿತ್ರವನ್ನು ಕಾಂಕಿಗೆ ಕೊಡುವುದು. ಕೊಟ್ಟೆ. ಒತ್ತು ಸರಿಯಾಗಿ ಕೂತಿತು, ಖುಷಿಯಾಯಿತು. ಮರುದಿನ ನೋಡಿದರೆ ನಿನ್ನೆಯ ರೇಟೇ ಇದೆ! ಫೈಲ್ ಹೊಸದು, ಪರದೆ ಮೇಲೆ ಹಳೆಯದು. ಕಾಂಕಿ ಚಿತ್ರವನ್ನು ಒಮ್ಮೆ ಓದಿ ನೆನಪಿನಲ್ಲಿ ಇಟ್ಟುಕೊಂಡುಬಿಡುತ್ತದೆ. ಇಮೇಜ್ ಸಾಲಿನ ಕೊನೆಗೆ '-ಎನ್' ಸೇರಿಸಬೇಕು ಅಂತ ಗೊತ್ತಾಗುವಷ್ಟರಲ್ಲಿ ಒಂದು ಭಾನುವಾರ ಪೂರ್ತಿ ಹೋಗಿತ್ತು. ಒಂದು ಒತ್ತಿಗೆ ಇಷ್ಟು ಪಾಡು ಯಾಕೆ, ಅಲ್ವಾ?

ರೈನ್‌ಮೀಟರ್ ವಿಂಡೋಸ್‌ಗೆ ಮಾತ್ರ. ಪುಕ್ಕಟೆ. ನಿರ್ಮಲಾ ಯುಐ ಫಾಂಟ್ ಕೊಟ್ಟೆ, 'ಹತ್ತಿ' ಮೊದಲ ಸಲಕ್ಕೇ ಹತ್ತಿಯಾಗಿ ಬಂತು. ಆದರೆ ಏನು ತೋರಿಸಬೇಕು ಅಂತ ಬರೆಯುವ ಐಎನ್‌ಐ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ಯುಟಿಎಫ್-16 ಎಲ್‌ಇ ಅಂತ ಉಳಿಸಿ, ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಕಸ ಬರುತ್ತದೆ.

ಹವಾಮಾನಕ್ಕೆ ಓಪನ್-ಮೀಟಿಯೊ ಅನ್ನೋ ಸೈಟಿನ ಫೀಡ್ ಬಳಸಿದೆ. ಮನೆ ಬಳಕೆಗೆ ಕೀ (ಫೀಡ್ ಪಡೆಯಲು ಕೊಡುವ ಗುರುತಿನ ಸಂಕೇತ) ಬೇಡ, ದುಡ್ಡೂ ಬೇಡ. ಇಲ್ಲೂ ಒಂದು ಕಡೆ ಎಡವಿದೆ: ತಾಪಮಾನದ ಜಾಗದಲ್ಲಿ ಅಂಕಿಯೇ ಇಲ್ಲ, ಬರೀ '°ಸಿ'. ಆ ಫೀಡ್‌ನಲ್ಲಿ 'ಟೆಂಪರೇಚರ್_2ಎಂ' ಹೆಸರು ಎರಡು ಸಲ ಬರುತ್ತದೆ, ಮೊದಲು ಅಳತೆಯ ಗುರುತಿಗೆ, ಆಮೇಲೆ ನಿಜವಾದ ಅಂಕಿಗೆ. ನನ್ನ ರೆಗೆಕ್ಸ್, ಅಂದರೆ ಹುಡುಕುವ ನಮೂನೆ, ಮೊದಲು ಸಿಕ್ಕಿದ್ದನ್ನು ಹಿಡಿದಿತ್ತು. 'ಕರೆಂಟ್_ಯೂನಿಟ್ಸ್' ಅಲ್ಲ, ಬರೀ 'ಕರೆಂಟ್' ಅನ್ನೋ ಹೆಸರು ದಾಟಿದ ಮೇಲೆ ಹುಡುಕು ಅಂದೆ, ಸರಿಹೋಯಿತು.

ಮಂಡಿ ರೇಟಿಗೆ ಸರ್ಕಾರದ ಡೇಟಾ ಡಾಟ್ ಗವ್ ಡಾಟ್ ಇನ್ ಇದೆ. ಸ್ಯಾಂಪಲ್ ಕೀಯಲ್ಲಿ ಸಿಗುವುದು ಹತ್ತೇ ಸಾಲು, ಅದಕ್ಕೇ ನೋಂದಾಯಿಸಿ ಸ್ವಂತ ಕೀ ಪಡೆಯಿರಿ. ರೇಟು ಬಾರದ ದಿನ ಮಾವನಿಗೆ ಫೋನೇ ಗತಿ.

ಬ್ರೌಸರ್‌ನಲ್ಲಿ ಎಚ್‌ಟಿಎಂಎಲ್ ಪುಟ ಮಾಡಿಯೂ ನೋಡಿದೆ. ಬೇರೆ ಸೈಟಿನ ಫೀಡ್ ಓದಲು ಬ್ರೌಸರೇ ಬಿಡಲಿಲ್ಲ, ಸುಮ್ನೆ ಬಿಟ್ಟೆ.

ಆಫೀಸಿನ ಕೆಲಸಕ್ಕೆ ನಾನು ದಿನಪೂರ್ತಿ ವಿಂಡೋಸ್ ಮುಂದೆಯೇ ಕೂರುವುದು, ಇನ್ನೊಂದು ರೂಪಾಯಿ ಹಾಕುವ ಮನಸ್ಸೂ ಇಲ್ಲ. ಹಾಗಾಗಿ ನನಗೆ ರೈನ್‌ಮೀಟರ್. ಬರೀ ಇಂಗ್ಲಿಷ್ ಸಾಕು, ಲಿನಕ್ಸ್ ಇದೆ ಅನ್ನುವವರು ಕಾಂಕಿಯನ್ನೇ ಹಾಕಿಕೊಳ್ಳಿ. ಹಳೆ ಲ್ಯಾಪ್‌ಟಾಪ್‌ನಲ್ಲಿ ನನ್ನದೂ ಇನ್ನೂ ಓಡುತ್ತಿದೆ, ಅಂಕಿ ಮಾತ್ರ ತೋರಿಸುತ್ತದೆ. ಅಂಕಿಗೆ ಒತ್ತಕ್ಷರ ಇಲ್ಲವಲ್ಲ.