ಬಿ450 ಬೋರ್ಡ್ ಇದ್ದರೆ ಬಿಸಾಡಬೇಡಿ: ರೈಜನ್ 5600, ಆರ್‌ಎಕ್ಸ್ 6600 ಜೋಡಿಯ ವಿಮರ್ಶೆ

2019–20ರ ಸುಮಾರಿಗೆ ಮೈಸೂರು, ಮಂಡ್ಯದಲ್ಲಿ ಅಸೆಂಬಲ್ ಮಾಡಿಸಿದ ಎಷ್ಟೋ ಕಂಪ್ಯೂಟರ್‌ಗಳೊಳಗೆ ಇರುವುದು ಬಿ450 ಮದರ್‌ಬೋರ್ಡ್. ಜೊತೆಗೊಂದು ರೈಜನ್ 3 2200ಜಿ ಅಥವಾ ರೈಜನ್ 5 2600 ಪ್ರೊಸೆಸರ್, 8 ಜಿಬಿ ರ್‍ಯಾಮ್. ಈಗಿನ ಗೇಮ್ ಹಾಕಿದರೆ ಏದುಸಿರು ಬಿಡುತ್ತದೆ. ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಬದಲಾಯಿಸಿಬಿಡಿ ಸಾರ್" ಎನ್ನುವ ಉತ್ತರವೇ ಹೆಚ್ಚು. ಒಪ್ಪಬೇಡಿ. ಎಎಂಡಿಯ ಹೊಸ ಎಎಂ5 ಸಾಕೆಟ್ಟಿನ ಬೋರ್ಡಿಗೆ ಡಿಡಿಆರ್5 ರ್‍ಯಾಮೇ ಬೇಕು. ಅಂದರೆ ಬೋರ್ಡು, ಪ್ರೊಸೆಸರ್, ರ್‍ಯಾಮ್ ಮೂರಕ್ಕೂ ದುಡ್ಡು ಹೋಗಿ, ಗೇಮ್ ಓಡಿಸುವ ಗ್ರಾಫಿಕ್ಸ್ ಕಾರ್ಡಿಗೆ ಉಳಿಯುವುದು ಚಿಲ್ಲರೆ.

ಹಳೇ ಬೋರ್ಡಿನ ಮೇಲೇ ರೈಜನ್ 5 5600, 8 ಜಿಬಿಯ ಎರಡು ಡಿಡಿಆರ್4 3200 ರ್‍ಯಾಮ್, ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, ಒಂದು ನಿಜವಾದ 450 ವ್ಯಾಟ್ ಎಸ್‌ಎಂಪಿಎಸ್ (ಎಲ್ಲಕ್ಕೂ ಕರೆಂಟ್ ಕೊಡುವ ಡಬ್ಬ) ಕೂರಿಸಿದರೆ 1080ಪಿ ಮಾನಿಟರ್‌ಗೆ ಧಾರಾಳ. ಬಜೆಟ್ಟಿನ ಅರ್ಧದಷ್ಟು ಕಾರ್ಡಿಗೇ ಇಡಿ.

ಕಾರ್ಡ್ ಆರಿಸುವಲ್ಲೇ ಹೆಚ್ಚು ಜನ ಎಡವುತ್ತಾರೆ. ಕಾರ್ಡ್ ಕೂರುವ ಸ್ಲಾಟು ಬಿ450ಯಲ್ಲಿ ಹಳೇ ತಲೆಮಾರಿನ ಪಿಸಿಐಇ 3.0. ಅದರಲ್ಲಿ ಡೇಟಾ ಓಡುವ ದಾರಿಗಳೇ ಲೇನ್. ಒಂದೊಂದು ಲೇನಿನಲ್ಲಿ ಸೆಕೆಂಡಿಗೆ ಸುಮಾರು 1 ಜಿಬಿ ಹರಿಯುತ್ತದೆ. ಆರ್‌ಎಕ್ಸ್ 6600ಗೆ 8 ಲೇನ್, 8 ಜಿಬಿ ಮೆಮೊರಿ ಇರುವುದರಿಂದ ಹಳೇ ಸ್ಲಾಟಿನಲ್ಲೂ ನಷ್ಟ ಅಷ್ಟಾಗಿ ಕಾಣುವುದಿಲ್ಲ. ಅಗ್ಗ ಅಂತ ಆರ್‌ಎಕ್ಸ್ 6500 ಎಕ್ಸ್‌ಟಿ ತಂದರೆ ಮಾತ್ರ ಪಶ್ಚಾತ್ತಾಪ ಖಚಿತ. ಅದಕ್ಕೆ 4 ಲೇನ್, ಸಾಮಾನ್ಯವಾಗಿ 4 ಜಿಬಿ ಮೆಮೊರಿ. ಆ 4 ಜಿಬಿ ತುಂಬಿದ ಕೂಡಲೇ ಟೆಕ್ಸ್ಚರ್‌ಗಳು ಸಿಸ್ಟಂ ರ್‍ಯಾಮಿನಿಂದ ಆ ಇಕ್ಕಟ್ಟಿನ ದಾರಿಯಲ್ಲೇ ಬರಬೇಕು. ಎಕ್ಸ್‌ಪ್ರೆಸ್‌ವೇ ಬಿಟ್ಟು ಮಂಡ್ಯದ ಪೇಟೆ ಬೀದಿಗೆ ನುಗ್ಗಿದ ಕಬ್ಬಿನ ಲಾರಿಯ ಪಾಡು. ಆಟ ನಡುನಡುವೆ ಗಕ್ಕನೆ ನಿಲ್ಲುವುದು ಇದಕ್ಕೇ. ಸೆಕೆಂಡ್ ಹ್ಯಾಂಡಿನಲ್ಲಿ ಚೆನ್ನಾಗಿರುವ ಜಿಟಿಎಕ್ಸ್ 1660 ಸೂಪರ್ ಸಿಕ್ಕರೆ ತೊಗೊಳ್ಳಬಹುದು, 6500 ಎಕ್ಸ್‌ಟಿ ಬೇಡ.

ಪ್ರೊಸೆಸರ್ ವಿಷಯದಲ್ಲಿ 5500ಕ್ಕಿಂತ 5600 ಮೇಲು. ಎರಡರಲ್ಲೂ 6 ಕೋರ್, ಆದರೆ 5500ರ ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 16 ಎಂಬಿ, 5600ರದ್ದು 32. ಗೇಮಿನಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. 5600 65 ವ್ಯಾಟಿನದ್ದಾದ್ದರಿಂದ ವಿಆರ್‌ಎಂ (ಪ್ರೊಸೆಸರಿಗೆ ಕರೆಂಟ್ ಹದಮಾಡಿ ಕೊಡುವ ಭಾಗ) ಮೇಲೆ ಹೀಟ್‌ಸಿಂಕ್ ಇಲ್ಲದ ಸಣ್ಣ ಬೋರ್ಡುಗಳೂ ತಡೆದುಕೊಳ್ಳುತ್ತವೆ. 105 ವ್ಯಾಟಿನ 5800ಎಕ್ಸ್ ಅಂಥ ಬೋರ್ಡಿಗಲ್ಲ.

ಹೊಸ ಪ್ರೊಸೆಸರ್ ಬಾಕ್ಸ್ ತೆರೆಯುವ ಮುಂಚೆ ಬಯಾಸ್ (ಕಂಪ್ಯೂಟರ್ ಶುರು ಮಾಡುವ, ಬೋರ್ಡಿನೊಳಗಿನ ಸಾಫ್ಟ್‌ವೇರ್) ಅಪ್‌ಡೇಟ್ ಆಗಿರಬೇಕು. ಹಳೇ ಚಿಪ್ ಕೂತಿರುವಾಗಲೇ ಮಾಡಿ. ಆಮೇಲೆ ನೋಡೋಣ ಅಂತ 5600 ಕೂರಿಸಿದರೆ ಸ್ಕ್ರೀನ್ ಕಪ್ಪಾಗಿಯೇ ಇರುತ್ತದೆ. 5600 ಮಾರುಕಟ್ಟೆಗೆ ಬಂದದ್ದು 2022ರ ಏಪ್ರಿಲ್‌ನಲ್ಲಿ, ಹಾಗಾಗಿ ಆ ವರ್ಷದ ಅಥವಾ ಅದರ ನಂತರದ ಬಯಾಸ್ ಬೇಕು. ಬೋರ್ಡ್ ಕಂಪನಿಯ ಸೈಟಿನ ಪ್ರೊಸೆಸರ್ ಪಟ್ಟಿಯಲ್ಲಿ ಯಾವ ಆವೃತ್ತಿ ಎಂದು ಬರೆದಿರುತ್ತದೆ. ಕೆಲವು ಬೋರ್ಡುಗಳಿಗೆ ನಡುವಿನ ಒಂದು ಆವೃತ್ತಿ ಹಾಕಿಯೇ ಮುಂದಕ್ಕೆ ಹೋಗಬೇಕು. ಫ್ಯಾಟ್32 ಪೆನ್‌ಡ್ರೈವ್ ಸಾಕು, ಯುಪಿಎಸ್ ಕಡ್ಡಾಯ. ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟ್ ಹೋದರೆ ಬೋರ್ಡೇ ಹೋಯಿತು. ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನ ಬಿಟ್‌ಲಾಕರ್ ಆನ್ ಇದ್ದರೆ ಮೊದಲು ಸಸ್ಪೆಂಡ್ ಮಾಡಿ, ಇಲ್ಲವಾದರೆ ಹೊಸ ಚಿಪ್ ಹಾಕಿದ ಮೇಲೆ ರಿಕವರಿ ಕೀ ಕೇಳುತ್ತದೆ.

ಕೂಲರ್ ತೆಗೆಯುವ ಕೆಲಸ ನಿಧಾನದ್ದು. ಐದಾರು ವರ್ಷದ ಥರ್ಮಲ್ ಪೇಸ್ಟ್ ಒಣಗಿ ಅಂಟಿನಂತಾಗಿರುತ್ತದೆ. ನೇರ ಮೇಲಕ್ಕೆಳೆದರೆ ಲಿವರ್ ಲಾಕ್ ಆಗಿದ್ದರೂ ಪ್ರೊಸೆಸರ್ ಸಾಕೆಟ್ಟಿನಿಂದ ಕಿತ್ತು ಕೂಲರ್ ಜೊತೆಗೇ ಬರುತ್ತದೆ. 1331 ಪಿನ್‌ಗಳಲ್ಲಿ ನಾಲ್ಕೈದು ಅಲ್ಲೇ ಬಾಗಿರುತ್ತವೆ. ಯಾವುದಾದರೂ ಗೇಮ್ ಹತ್ತು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಆಫ್ ಮಾಡಿ, ಪ್ಲಗ್ ಕಿತ್ತು, ಕೂಲರನ್ನು ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುಗಿಸಿ. ಸಡಿಲವಾದದ್ದು ಕೈಗೆ ಗೊತ್ತಾಗುತ್ತದೆ, ಆಗ ಎತ್ತಿ. ಸ್ಕ್ರೂ ಇರುವ ಕೂಲರ್ ಆದರೆ ಬೋರ್ಡಿನ ಹಿಂದಿನ ಲೋಹದ ಪ್ಲೇಟ್ ಕಳಚಿ ಬೀಳುತ್ತದೆ, ಹಿಂದಿನಿಂದ ಒಂದು ಕೈ ಕೊಟ್ಟಿರಿ. ಬಾಗಿದ ಪಿನ್ ನೇರ ಮಾಡಲು ಕಡ್ಡಿ ತೆಗೆದ ಕ್ಲಚ್ ಪೆನ್ಸಿಲ್ಲಿನ ತುದಿ ಒಳ್ಳೆಯ ಸಾಧನ.

ವ್ಯಾಲೊರಂಟ್ ಗೇಮ್ ಆಡುವವರು ಇದನ್ನು ಗಮನಿಸಿ. ವಿಂಡೋಸ್ 11ರಲ್ಲಿ ಅದಕ್ಕೆ ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೌಲಭ್ಯಗಳು ಬೇಕು. ಬಿ450ಯಲ್ಲಿ ಎರಡೂ ಇವೆ, ಆದರೆ ಬಯಾಸಿನಲ್ಲಿ ಸಿಎಸ್‌ಎಂ (ಹಳೇ ರೀತಿಯ ಬೂಟ್ ವ್ಯವಸ್ಥೆ) ಆಫ್ ಆಗಿರಬೇಕು. ಡಿಸ್ಕ್ ಎಂಬಿಆರ್ ಎಂಬ ಹಳೇ ವಿಭಾಗ ಪದ್ಧತಿಯದ್ದಾಗಿದ್ದರೆ ಆಫ್ ಮಾಡಿದ ಕ್ಷಣ ವಿಂಡೋಸ್ ಬೂಟ್ ಆಗುವುದಿಲ್ಲ. ಮೊದಲು ಬ್ಯಾಕಪ್ ತೆಗೆದು, ಎಂಬಿಆರ್2ಜಿಪಿಟಿ ಕಮಾಂಡಿನಿಂದ ಡಿಸ್ಕನ್ನು ಹೊಸ ಜಿಪಿಟಿ ಪದ್ಧತಿಗೆ ಬದಲಿಸಿ, ನಂತರ ಬಯಾಸಿಗೆ ಹೋಗಿ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, 2200ಜಿ ವಿಂಡೋಸ್ 11ರ ಪಟ್ಟಿಯಲ್ಲೇ ಇಲ್ಲ. 5600 ಹಾಕಲು ಇದೂ ಒಂದು ಕಾರಣ.

ರ್‍ಯಾಮ್ ಎರಡು ಕಡ್ಡಿಯೇ ಇರಲಿ, ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಬಯಾಸಿನಲ್ಲಿ ಪೂರ್ತಿ ವೇಗ ಕೊಡುವ ಎಕ್ಸ್‌ಎಂಪಿ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ರ್‍ಯಾಮ್ 2133 ಅಥವಾ 2400ರಲ್ಲೇ ತೆವಳುತ್ತಿರುತ್ತದೆ. ಜೆನ್4 (ಪಿಸಿಐಇ 4.0) ಎಸ್‌ಎಸ್‌ಡಿಗೆ ಹೆಚ್ಚು ಕೊಡಬೇಡಿ, ಈ ಬೋರ್ಡಿನಲ್ಲಿ ಅದು ಜೆನ್3 ವೇಗದಲ್ಲೇ ಓಡುವುದು.

ಎಸ್‌ಎಂಪಿಎಸ್ಸಿನಲ್ಲಿ ಜಿಪುಣತನ ಬೇಡವೇ ಬೇಡ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ "450 ವ್ಯಾಟ್" ಡಬ್ಬದ ಲೇಬಲ್ ಓದಿ: 12 ವೋಲ್ಟ್ ಮುಂದೆ ಎಷ್ಟು ಆಂಪಿಯರ್ ಇದೆಯೋ ಅದನ್ನು 12ರಿಂದ ಗುಣಿಸಿ. 16 ಆಂಪಿಯರ್ ಅಂದರೆ 192 ವ್ಯಾಟ್, ಅಷ್ಟೇ. ಆರ್‌ಎಕ್ಸ್ 6600 ಒಂದೇ 132 ವ್ಯಾಟ್ ಎಳೆಯುತ್ತದೆ. ಒಳ್ಳೆಯ 450ರಲ್ಲಿ 36 ಆಂಪಿಯರ್ ಆಸುಪಾಸು ಇರುತ್ತದೆ, 8 ಪಿನ್ ಕೇಬಲ್ ಅದರಲ್ಲೇ ಬರುತ್ತದೆ. ಸಾಟಾದಿಂದ 8 ಪಿನ್ ಮಾಡುವ ಕನ್ವರ್ಟರ್ ಸುಟ್ಟು ಕರಗುವ ವಸ್ತು. ಮೈಸೂರಿನ ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇದ್ದರೂ ಅರ್ಥಿಂಗ್ ಇಲ್ಲದಿರುವುದುಂಟು. ಕ್ಯಾಬಿನೆಟ್ ಮುಟ್ಟಿದಾಗ ಕೈ ಜುಮ್ ಅಂದರೆ ಎಸ್‌ಎಂಪಿಎಸ್ ಬದಲಿಸುವ ಮುಂಚೆ ಎಲೆಕ್ಟ್ರಿಷಿಯನ್‌ನ ಕರೆಸಿ.

ಕಾರ್ಡ್ ಸೆಕೆಂಡ್ ಹ್ಯಾಂಡ್ ಆದರೆ, ಬೆಂಗಳೂರಿನ ಎಸ್.ಪಿ. ರೋಡಿನಲ್ಲಾಗಲಿ ಮೈಸೂರಿನಲ್ಲೇ ಆಗಲಿ, ಅಂಗಡಿಯಲ್ಲೇ ಇಪ್ಪತ್ತು ನಿಮಿಷ ಕಾರ್ಡಿಗೆ ಪೂರ್ತಿ ಭಾರ ಹಾಕುವ ಫರ್‌ಮಾರ್ಕ್ ಪರೀಕ್ಷೆ ಓಡಿಸಿ ನೋಡಿ, ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ. ಇನ್ನೊಂದು ಎಚ್ಚರಿಕೆ: "ಗೇಮಿಂಗ್ ಪಿಸಿ" ಹೆಸರಿನಲ್ಲಿ ಎಚ್61 ಬೋರ್ಡು, ಮೂರನೇ ತಲೆಮಾರಿನ ಐ5 ಸೇರಿಸಿ ಮಾರುತ್ತಾರೆ. ಆ ಚಿಪ್ಪಿಗೆ ಎವಿಎಕ್ಸ್2 ಎಂಬ ಆದೇಶಗಳ ಗುಂಪು ಗೊತ್ತಿಲ್ಲ, ಅದನ್ನು ಕೇಳುವ ಹೊಸ ಗೇಮ್‌ಗಳು ತೆರೆಯುವುದೇ ಇಲ್ಲ. ಹಳೇ ಬೋರ್ಡ್ ಎಲ್ಲವೂ ಬಿ450 ಅಲ್ಲ.

ಕೊನೆಗೆ ಕ್ಯಾಬಿನೆಟ್ ಮುಚ್ಚುವ ಮೊದಲು ಬೋರ್ಡಿನ ಮೇಲಿರುವ ಬಿಲ್ಲೆಯಂಥ ಸಿಆರ್2032 ಬ್ಯಾಟರಿ ಹೊಸದು ಹಾಕಿ. ಮಂಡ್ಯದ ಕಡೆ ಆಲೆಮನೆ ಹತ್ತಿರದ ಮನೆಯಾದರೆ ಫ್ಯಾನಿಗೆ ಅಂಟುವ ಮಸಿಯನ್ನು ಎರಡು ತಿಂಗಳಿಗೊಮ್ಮೆ ಬ್ರಷ್ ಹಿಡಿದು ತೆಗೆಯಿರಿ, ರೆಕ್ಕೆ ತಿರುಗದಂತೆ ಬೆರಳಲ್ಲಿ ಹಿಡಿದು.