ಓಸ್ಟರ್ಲೆನ್ ಕಡೆ ತೋಟದ ಮನೆ ಬಾಡಿಗೆಗೆ ತಗೊಳ್ಳೋ ಮುಂಚೆ ಇದನ್ನು ಓದಿ

ಸ್ವೀಡನ್‌ನ ದಕ್ಷಿಣ ತುದಿಯಲ್ಲಿರುವ ಸ್ಕೋನೆ ಪ್ರಾಂತ್ಯದ ಆಗ್ನೇಯ ಭಾಗಕ್ಕೆ ಓಸ್ಟರ್ಲೆನ್ ಅಂತ ಹೆಸರು. ಒಂದು ಕಡೆ ಬಾಲ್ಟಿಕ್ ಸಮುದ್ರ, ಇನ್ನೊಂದು ಕಡೆ ಸೇಬಿನ ತೋಟ, ಗೋಧಿ ಹೊಲ. ಲುಂಡ್, ಮಾಲ್ಮೋ, ಕೋಪನ್‌ಹೇಗನ್‌ನಲ್ಲಿ ಕೆಲಸ ಮಾಡುವ ಕನ್ನಡದವರು ಊರಿಂದ ಅಪ್ಪ ಅಮ್ಮ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಬೇಕು ಅಂತ ಅಂದುಕೊಳ್ಳೋದು ಸಹಜ. ಹೋಗಿ, ಬೇಡ ಅನ್ನಲ್ಲ. ಆದರೆ ತೋಟದ ಮನೆಗೆ ದುಡ್ಡು ಕಟ್ಟೋ ಮುಂಚೆ ನಮಗೆ ಏನಾಯಿತು ಅಂತ ತಿಳಿದುಕೊಳ್ಳಿ.

ನಮ್ಮ ಅಪ್ಪ ತಿಪಟೂರಿನ ಹತ್ತಿರ ತೆಂಗು ಬೆಳೆಯುವವರು. ಸ್ವೀಡನ್‌ಗೆ ಬಂದಾಗಿನಿಂದ ಅವರದು ಒಂದೇ ಮಾತು: "ಊರು ನೋಡಿದ್ದಾಯ್ತು, ಇಲ್ಲಿ ಬೇಸಾಯ ಹೆಂಗ್ ಮಾಡ್ತಾರೆ ತೋರ್ಸು." ಸೆಪ್ಟೆಂಬರ್ ಕೊನೆಯಲ್ಲಿ ಕಿವಿಕ್ ಎಂಬ ಊರಿನಲ್ಲಿ ಸೇಬಿನ ಜಾತ್ರೆ ನಡೆಯುತ್ತದೆ. ಸಾವಿರಾರು ಸೇಬು ಜೋಡಿಸಿ ಗೋಡೆಯಷ್ಟು ದೊಡ್ಡ ಚಿತ್ರ ಮಾಡುತ್ತಾರೆ. ಆ ವಾರಾಂತ್ಯಕ್ಕೇ ಹೋಗೋಣ ಅಂತ ಬಾಡಿಗೆ ಮನೆಗಳ ಒಂದು ಜಾಲತಾಣದಲ್ಲಿ ಹುಡುಕಿ, ಕಿವಿಕ್‌ನಿಂದ ಸ್ವಲ್ಪ ಒಳಗಿದ್ದ ಒಂದು ಮನೆ ತಗೊಂಡೆವು. ಕೆಂಪು ಮರದ ಮನೆ, ಹಿಂದೆ ತೋಟ, ಕಿಟಕಿಯಿಂದ ಸಮುದ್ರ. ಫೋಟೋದಲ್ಲಿ ಇದ್ದದ್ದೆಲ್ಲ ನಿಜವೇ.

ಬಾಗಿಲು ತೆಗೆದಾಗ ಮಂಚದ ಮೇಲೆ ಬರೀ ಹಾಸಿಗೆ, ದಿಂಬು. ಹೊದಿಕೆ ಇತ್ತು, ಅದಕ್ಕೆ ಗವಸು ಇಲ್ಲ. ಹಾಸಿಗೆ ಮೇಲೆ ಬೆಡ್‌ಶೀಟ್ ಇಲ್ಲ. ಬಚ್ಚಲಲ್ಲಿ ಒಂದು ಟವೆಲ್ ಇಲ್ಲ. ಫೋನ್ ಮಾಡಿದರೆ ಮಾಲೀಕರು ಹೇಳಿದ್ದು: "ಬೆಡ್‌ಶೀಟ್, ಟವೆಲ್ ನೀವೇ ತರಬೇಕು. ಬೇಕಿದ್ದರೆ ತಲೆಗೆ 250 ಕ್ರೋನ." ಸ್ವೀಡನ್‌ನ ಬಾಡಿಗೆ ಮನೆಗಳಲ್ಲಿ ಈ ಪದ್ಧತಿ ಇದೆ. ಇಲ್ಲಿಯವರಿಗೆ ಗೊತ್ತು, ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡೇ ಬರುತ್ತಾರೆ. ಆದರೆ ಜಾಹೀರಾತಿನ ಇಂಗ್ಲಿಷ್ ಪುಟದಲ್ಲಿ ಇದರ ಸುದ್ದಿಯೇ ಇರಲಿಲ್ಲ. ಸ್ವೀಡಿಶ್ ಪುಟದ ಕೊನೆಯಲ್ಲಿ ಮಾತ್ರ ಇತ್ತು. ಅಮ್ಮ ಆ ರಾತ್ರಿ ತನ್ನ ಎರಡು ಹತ್ತಿ ಸೀರೆ ಹಾಸಿ ಮಲಗಿದರು.

ಚಳಿಯದ್ದು ಇನ್ನೊಂದು ಕಥೆ. ಅದು ಬೇಸಿಗೆಗೆ ಅಂತ ಕಟ್ಟಿದ ಮನೆ. ಸೆಪ್ಟೆಂಬರ್ ಕೊನೆಗೆ ಸಮುದ್ರದ ಗಾಳಿ ಜೋರಾಗಿರುತ್ತದೆ, ರಾತ್ರಿ ಗೋಡೆಯೇ ತಣ್ಣಗಾಗಿಬಿಡುತ್ತದೆ. ಕರೆಂಟ್ ಹೀಟರ್ ಹಾಕಿಕೊಂಡೆವು. ಮಾರನೇ ದಿನ ಅಡುಗೆಮನೆಯ ಡ್ರಾಯರ್‌ನಲ್ಲಿ ಒಂದು ನೋಟ್‌ಬುಕ್ ಸಿಕ್ಕಿತು. ಬಂದವರು, ಹೋದವರು ಮೀಟರ್ ಓದಿ ಬರೆದಿಟ್ಟಿದ್ದರು. ಕರೆಂಟ್‌ಗೆ ಬೇರೆ ಬಿಲ್! ಇದನ್ನೂ ಮೊದಲು ಯಾರೂ ಹೇಳಿರಲಿಲ್ಲ.

ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಬಸ್ಸಿನ ವಿಷಯಕ್ಕೆ. ನಮ್ಮಲ್ಲಿ ಕಾರಿಲ್ಲ. ಮಾಲೀಕರಿಗೆ ಮೊದಲೇ ಬರೆದು ಕೇಳಿದ್ದೆ: ನಾವು ಬರುವ ದಿನಗಳಲ್ಲಿ ಬಸ್ ಸಿಗುತ್ತದಾ, ಅಮ್ಮನಿಗೆ ಮಂಡಿ ನೋವು, ಜಾಸ್ತಿ ನಡೆಯಲು ಆಗಲ್ಲ ಅಂತ. "ಹತ್ತು ನಿಮಿಷ ನಡೆದರೆ ಸ್ಟಾಪ್, ಬಸ್ ಬೇಕಾದಷ್ಟಿವೆ" ಅಂತ ಉತ್ತರ ಬಂತು, ಜೊತೆಗೆ ಒಂದು ವೇಳಾಪಟ್ಟಿಯ ಫೋಟೋ. ಅದು ಬೇಸಿಗೆಯ ವೇಳಾಪಟ್ಟಿ. ಸ್ಕೋನೆಯಲ್ಲಿ ಬೇಸಿಗೆ ಬಸ್ಸುಗಳು ಜೂನ್ ನಡುವಿನಿಂದ ಆಗಸ್ಟ್ ನಡುವಿನವರೆಗೆ ಮಾತ್ರ. ಆಮೇಲೆ ದೊಡ್ಡ ರಸ್ತೆ ಬಿಟ್ಟು ಒಳಗಿನ ಹಳ್ಳಿಗಳಿಗೆ ಬಸ್ ತೀರಾ ಕಡಿಮೆ, ಶನಿವಾರ ಭಾನುವಾರವಂತೂ ಕೇಳಲೇಬೇಡಿ. ಸ್ಟಾಪಿಗೆ ಹೋಗುವ ದಾರಿಯಲ್ಲಿ ಫುಟ್‌ಪಾತ್ ಇಲ್ಲ. ಬೀಟ್‌ರೂಟ್ ಜಾತಿಯ ಸಕ್ಕರೆ ಗೆಡ್ಡೆ ತುಂಬಿಕೊಂಡ ಟ್ರ್ಯಾಕ್ಟರ್ ಬಂದಾಗಲೆಲ್ಲ ನಾವು ಚರಂಡಿ ಅಂಚಿಗೆ ಇಳಿದು ನಿಲ್ಲಬೇಕಿತ್ತು. ಅರ್ಧ ದಾರಿಯಲ್ಲಿ ಅಮ್ಮ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. "ನೀವು ಹೋಗ್ಬನ್ನಿ, ನಾನ್ ಇಲ್ಲೇ ಇರ್ತೀನಿ ಮಗಾ" ಅಂದರು. ಅವರ ಮುಖ ನೋಡೋಕೆ ಆಗಲಿಲ್ಲ ನನಗೆ.

ಆಲೆಸ್ ಸ್ಟೇನಾರ್ ನೋಡಲೇಬೇಕಿತ್ತು. ಕೋಸೆಬೆರ್ಯಾ ಎಂಬ ಮೀನುಗಾರರ ಹಳ್ಳಿಯ ಮೇಲಿನ ಗುಡ್ಡದಲ್ಲಿ 59 ದೊಡ್ಡ ಬಂಡೆಗಳನ್ನು ಹಡಗಿನ ಆಕಾರದಲ್ಲಿ ನಿಲ್ಲಿಸಿದ್ದಾರೆ. ಉದ್ದ 67 ಮೀಟರ್. ಸಾವಿರ ವರ್ಷಕ್ಕೂ ಹಳೆಯದು. ಬಸ್ ಇಲ್ಲದೆ ಟ್ಯಾಕ್ಸಿ ಕರೆದೆವು. ಇಲ್ಲಿ ಒಂದು ಮಾತು ಚೆನ್ನಾಗಿ ನೆನಪಿಡಿ: ಸ್ವೀಡನ್‌ನಲ್ಲಿ ಟ್ಯಾಕ್ಸಿಗೆ ಸರ್ಕಾರ ಕಟ್ಟಿದ ದರ ಇಲ್ಲ. 1990ರಿಂದ ಯಾರು ಎಷ್ಟು ಬೇಕಾದರೂ ದರ ಇಟ್ಟುಕೊಳ್ಳಬಹುದು. ಹಿಂದಿನ ಬಾಗಿಲ ಕಿಟಕಿಯ ಮೇಲೆ ಹಳದಿ ಬಿಳಿ ಚೀಟಿ ಅಂಟಿಸಿರುತ್ತಾರೆ. ಅದರ ಮೇಲಿನ ದೊಡ್ಡ ಅಂಕಿಯೇ ಹೋಲಿಸಿ ನೋಡೋಕೆ ಇರೋ ದರ. ಅದನ್ನು ಓದಿ, ಒಟ್ಟು ಎಷ್ಟಾಗುತ್ತದೆ ಅಂತ ಮಾತಾಡಿಕೊಂಡೇ ಹತ್ತಿ. ನಮಗೆ ಹೋಗಿ ಬರೋಕೆ ಆದ ಖರ್ಚಿನಲ್ಲಿ ಇಸ್ಟಾಡ್ ಊರಲ್ಲಿ ಒಂದು ರಾತ್ರಿ ಹೋಟೆಲ್‌ನಲ್ಲಿ ಇರಬಹುದಿತ್ತು.

ಸೇಬಿನ ತೋಟ ನೋಡಿದಾಗ ಮಾತ್ರ ಅಪ್ಪನ ಮುಖ ಅರಳಿತು. ಮರಗಳು ಆಳೆತ್ತರಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸಾಲಾಗಿ ಕಂಬ ನೆಟ್ಟು, ತಂತಿ ಎಳೆದು, ಅದಕ್ಕೆ ರೆಂಬೆಗಳನ್ನು ಕಟ್ಟಿರುತ್ತಾರೆ. ಏಣಿ ಬೇಡ, ನಿಂತಲ್ಲೇ ಕೀಳಬಹುದು. ಅಪ್ಪ ಬೇಲಿ ಹೊರಗೆ ನಿಂತು ಕಂಬದಿಂದ ಕಂಬಕ್ಕೆ ಎಷ್ಟು ಹೆಜ್ಜೆ ಅಂತ ಅಳೆಯುತ್ತಿದ್ದರು. ಸ್ವೀಡನ್‌ನಲ್ಲಿ ಯಾರು ಎಲ್ಲಿ ಬೇಕಾದರೂ ಓಡಾಡಬಹುದು, ಹಣ್ಣು ಕಿತ್ತುಕೊಳ್ಳಬಹುದು ಅಂತ ವಾಟ್ಸಾಪ್‌ನಲ್ಲಿ ಸುಮ್ನೆ ಹರಿದಾಡುತ್ತಿರುತ್ತದೆ. ಅದು ಕಾಡು, ಬಯಲಿನಂಥ ಜಾಗಕ್ಕೆ, ಕಾಡು ಬೆರ್ರಿ ಹಣ್ಣಿನಂಥದ್ದಕ್ಕೆ ಮಾತ್ರ. ತೋಟ, ಬಿತ್ತಿದ ಹೊಲ, ಮನೆಯಂಗಳಕ್ಕೆ ಆ ಹಕ್ಕು ಇಲ್ಲ. ಉದುರಿದ ಸೇಬನ್ನೂ ಎತ್ತಿಕೊಳ್ಳಬೇಡಿ. ರಸ್ತೆ ಬದಿಯಲ್ಲಿ ರೈತರು ಮೇಜು ಹಾಕಿ ಹಣ್ಣು, ಜೇನು, ಆಲೂಗಡ್ಡೆ ಇಟ್ಟಿರುತ್ತಾರೆ, ಮಾರೋಕೆ ಯಾರೂ ಕೂತಿರಲ್ಲ. ಸ್ವಿಶ್ ನಂಬರ್ ಬರೆದಿರುತ್ತಾರೆ, ನಮ್ಮ ಯುಪಿಐ ಇದ್ದ ಹಾಗೆ. ಸ್ವೀಡನ್ ಬ್ಯಾಂಕಿನ ಖಾತೆ ಇಲ್ಲದವರಿಗೆ ಸ್ವಿಶ್ ಇಲ್ಲ. ಭಾರತದಿಂದ ನೇರವಾಗಿ ಪ್ರವಾಸಕ್ಕೆ ಬರುವವರು ಸ್ವಲ್ಪ ಚಿಲ್ಲರೆ ಇಟ್ಟುಕೊಳ್ಳಿ, ಆದರೆ ಎಲ್ಲ ಕಡೆ ನೋಟು ತಗೊಳ್ಳುತ್ತಾರೆ ಅಂತಲೂ ನಂಬಬೇಡಿ.

ಈಗ ಹೊರಡುವ ದಿನಕ್ಕೆ ಬರುತ್ತೇನೆ. ಮನೆ ಶುಚಿ ಮಾಡಿಕೊಟ್ಟು ಹೋಗಬೇಕು ಅಂತ ಹಿಂದಿನ ಸಂಜೆ ಮೆಸೇಜ್ ಬಂತು. ಇದೂ ಅಲ್ಲಿನ ಪದ್ಧತಿಯೇ: ನೀವೇ ತೊಳೆದು ಒರೆಸಬೇಕು, ಇಲ್ಲಾಂದ್ರೆ ದುಡ್ಡು ಕೊಟ್ಟು ಮಾಡಿಸಬೇಕು. ಅಮ್ಮನಿಗೆ ನಂಬೋಕೇ ಆಗಲಿಲ್ಲ. "ಬಾಡಿಗೇನೂ ಕೊಟ್ಟು ನೆಲಾನೂ ನಾವೇ ಒರೆಸ್ಬೇಕೇನೋ?" ಅಂದರು. ಆದರೂ ಬೆಳಿಗ್ಗೆ ಬೇಗ ಎದ್ದು, ಒಲೆ, ಸಿಂಕ್, ಬಚ್ಚಲು ಎಲ್ಲ ಉಜ್ಜಿದರು. ನಾನೂ ನನ್ನ ತಂಗಿಯೂ ಕಿಟಕಿ ಗಾಜಿನವರೆಗೆ ಒರೆಸಿದೆವು.

ಮಾಲೀಕರು ಬಂದು ಫ್ರಿಜ್ ಮೇಲೆ ಬೆರಳಾಡಿಸಿದರು. ಓವನ್ ಒಳಗೆ ಟಾರ್ಚ್ ಬಿಟ್ಟು ನೋಡಿದರು. ಏನೂ ಹೇಳಲಿಲ್ಲ, ನಗುತ್ತಲೇ ಕೈ ಕುಲುಕಿದರು. ನಾವು ಲುಂಡ್ ತಲುಪುವಷ್ಟರಲ್ಲಿ ಮೆಸೇಜ್ ಬಂದಿತ್ತು: 3,000 ಕ್ರೋನ ಡೆಪಾಸಿಟ್‌ನಲ್ಲಿ ಒಂದು ಕ್ರೋನವೂ ವಾಪಸ್ ಇಲ್ಲ. ಶುಚಿ ಮಾಡಿದ್ದು ಸಾಲದು ಅಂತ 1,800. ಕರೆಂಟ್‌ಗೆ 500. ಅಡುಗೆಕಟ್ಟೆಯ ಮೇಲೆ ಹಳದಿ ಕಲೆಗೆ, ಮನೆಯಲ್ಲಿ ಮಸಾಲೆ ವಾಸನೆಗೆ ಉಳಿದದ್ದು. ಫೋಟೋದಲ್ಲಿ ಒಲೆ ಪಕ್ಕ ಅಕ್ಕಿಕಾಳಿನಷ್ಟು ಒಂದು ಗುರುತು. ನನ್ನ ತಂಗಿ ಬಂದ ದಿನವೇ ಅಡುಗೆಮನೆಯ ವಿಡಿಯೋ ಮಾಡಿ ಊರಿಗೆ ಕಳಿಸಿದ್ದಳು. ಅದರಲ್ಲಿ ಅದೇ ಗುರುತು ಅದೇ ಜಾಗದಲ್ಲಿ ಇದೆ. ನಾವು ಇನ್ನೂ ಅರಿಶಿನದ ಡಬ್ಬಿ ಚೀಲದಿಂದ ಹೊರಗೇ ತೆಗೆದಿರಲಿಲ್ಲ! ವಿಡಿಯೋ ಕಳಿಸಿದೆ. ಉತ್ತರ ಬರಲಿಲ್ಲ. ವಾಸನೆಯ ಮಾತು ಅಮ್ಮನಿಗೆ ಇವತ್ತಿಗೂ ಹೇಳಿಲ್ಲ, ಹೇಳೋದೂ ಇಲ್ಲ.

ಜಾಲತಾಣದವರು ಡೆಪಾಸಿಟ್ ನೇರವಾಗಿ ಮಾಲೀಕರಿಗೆ ಹೋಗಿದೆ, ನಮಗೆ ಸಂಬಂಧ ಇಲ್ಲ ಅಂದರು. ಸ್ವೀಡನ್‌ನಲ್ಲಿ ಗ್ರಾಹಕರ ದೂರು ಕೇಳುವ ಒಂದು ಮಂಡಳಿ ಇದೆ, ಆರ್ನ್ ಅಂತ ಕರೆಯುತ್ತಾರೆ. ಅದು ಗ್ರಾಹಕ ಮತ್ತು ವ್ಯಾಪಾರಸ್ಥರ ನಡುವಿನ ಜಗಳ ಮಾತ್ರ ನೋಡುತ್ತದೆ. ಮನೆ ಕೊಟ್ಟವರು ಖಾಸಗಿ ವ್ಯಕ್ತಿ ಆದರೆ ನಿಮ್ಮ ದೂರು ಅಲ್ಲಿ ನಿಲ್ಲಲ್ಲ. ಶುಲ್ಕ ಕಟ್ಟಿ ಕೋರ್ಟಿಗೆ ಹೋಗಬೇಕು. ಮೂರು ಸಾವಿರಕ್ಕೆ ಯಾರು ಹೋಗುತ್ತಾರೆ? ಅವರಿಗೂ ಅದು ಗೊತ್ತಿರುತ್ತದೆ. ಹಾಗಾಗಿ ಮನೆ ಕೊಡುವವರು ಕಂಪನಿಯೋ ಖಾಸಗಿಯವರೋ ಅಂತ ಮೊದಲೇ ಕೇಳಿ.

ಬೆಡ್‌ಶೀಟ್, ಟವೆಲ್, ಕರೆಂಟ್, ಕೊನೆಯ ಶುಚಿ, ಇವೆಲ್ಲ ಬಾಡಿಗೆಯಲ್ಲಿ ಸೇರಿವೆಯಾ ಅಂತ ಬರಹದಲ್ಲೇ ಉತ್ತರ ತಗೊಳ್ಳಿ. ಒಳಗೆ ಕಾಲಿಟ್ಟ ತಕ್ಷಣ, ಹೊರಡುವಾಗ, ಎರಡೂ ಸಲ ವಿಡಿಯೋ ಮಾಡಿ, ಮೀಟರ್ ಸಮೇತ. ಬಸ್ಸಿನ ಸಮಯವನ್ನು ನೀವು ಹೋಗುವ ತಾರೀಕು ಹಾಕಿ ಅಲ್ಲಿನ ಬಸ್ಸು, ರೈಲು ನೋಡಿಕೊಳ್ಳುವ ಸ್ಕೋನೆಟ್ರಾಫಿಕೆನ್‌ನವರ ಆ್ಯಪ್‌ನಲ್ಲೇ ನೋಡಿ. ವಯಸ್ಸಾದವರು ಜೊತೆಗಿದ್ದು ಕಾರಿಲ್ಲದಿದ್ದರೆ ಇಸ್ಟಾಡ್ ಅಥವಾ ಸಿಮ್ರಿಸ್‌ಹಾಮ್ನ್ ಪೇಟೆಯಲ್ಲೇ ಉಳಿಯಿರಿ. ಮಾಲ್ಮೋದಿಂದ ನೇರಳೆ ಬಣ್ಣದ ರೈಲು ಇಸ್ಟಾಡ್ ಮೇಲೆ ಸಿಮ್ರಿಸ್‌ಹಾಮ್ನ್‌ವರೆಗೂ ಹೋಗುತ್ತದೆ, ನಿಲ್ದಾಣದಿಂದ ಬಂದರಿಗೆ ನಡೆದೇ ಹೋಗಬಹುದು. ಮೇ ತಿಂಗಳಲ್ಲಿ ಹೊಲದ ತುಂಬ ಸಾಸಿವೆ ಜಾತಿಯ ರೇಪ್‌ಸೀಡ್ ಹಳದಿ ಹೂ ಬಿಟ್ಟಿರುತ್ತದೆ. ಅಪ್ಪ ಅಮ್ಮ ಮತ್ತೆ ಬಂದರೆ ನಾವು ಉಳಿಯೋದು ಪೇಟೆಯಲ್ಲೇ.